ಕಂಪ್ಯೂಟರ್ ಪರದೆಯಲ್ಲಿ ‘ಬೇಡ’ ಎಂಬ ಗುಂಡಿಯೂ ಇರಲಿ

ಮಾನ್ಯರೆ,

ಸಿದ್ದಾಪುರ ತಾಲ್ಲೂಕಿನ ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ವರದಿಯನ್ನು 11 ವರ್ಷಗಳಿಂದ ನನ್ನ ಮನೆಯ ಕಂಪ್ಯೂಟರ್‌ನಲ್ಲೇ ಸಿದ್ಧಪಡಿಸಿ ಮುದ್ರಿಸಿ ಕೊಡುತ್ತಿದ್ದೇನೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಸಂಘಕ್ಕೆ ನನ್ನಿಂದ ಆಗುವ ಸೇವೆ ಇಷ್ಟು. ಕಳೆದ ಸೆಪ್ಟೆಂಬರ್‌ನಲ್ಲಿ, ಮಹಾಸಭೆಗೆ ಇನ್ನೊಂದೇ ದಿನ ಇರುವಾಗ, ಕಂಪ್ಯೂಟರ್ ನಡೆಸುವ ವಿಂಡೋಸ್ ತಂತ್ರಾಂಶ ನನ್ನನ್ನು ಕೇಳದೆ ಹಾಕಿಕೊಂಡ ಅಪ್‌ಡೇಟ್‌ನಿಂದ ಈ ಸೇವೆಗೂ ಕಲ್ಲು ಬಿತ್ತು.

ವರದಿಯ 16 ಪುಟಗಳಲ್ಲಿ ಜಮಾ-ಖರ್ಚಿನ ಪುಟವೊಂದೇ ಬಾಕಿ ಇತ್ತು. ಕಾಫಿ ಕುಡಿದು ಬರೋಣವೆಂದು ಎದ್ದೆ. ಮರಳಿ ಬಂದು ನೋಡಿದರೆ ನನ್ನ ಕಡತಗಳೆಲ್ಲ ಮಾಯವಾಗಿ, ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆರಿಸಬೇಡಿ ಎಂಬ ಇಂಗ್ಲಿಷ್ ಸಾಲು ಪರದೆಯ ಮೇಲಿತ್ತು. ಆ ದಿನ ಬೆಳಿಗ್ಗೆಯೂ, ಅದರ ಹಿಂದಿನ ಎರಡು ದಿನವೂ ನಾನು ‘ನಂತರ’ ಎಂಬ ಗುಂಡಿಯನ್ನೇ ಒತ್ತಿದ್ದೆ. ನನ್ನ ಉತ್ತರಕ್ಕೆ ಅಲ್ಲಿ ಬೆಲೆ ಇರಲಿಲ್ಲ.

ಆರಿಸಬೇಡಿ ಎಂದು ಬರೆದವರು ಮಲೆನಾಡಿನ ಮಳೆಗಾಲದ ಸಂಜೆಯನ್ನು ಕಂಡವರಲ್ಲ. ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಲೈನ್‌ಮ್ಯಾನ್ ಬರುವವರೆಗೆ ಇಡೀ ಕೇರಿ ಕತ್ತಲೆ. ಕರೆಂಟ್ ಹೋದಾಗ ಕಂಪ್ಯೂಟರ್ ನಡೆಸುವ ನನ್ನ ಬ್ಯಾಟರಿ ಪೆಟ್ಟಿಗೆ, ಅಂದರೆ ಯುಪಿಎಸ್, ಹತ್ತು ನಿಮಿಷ ತಡೆಯುತ್ತದೆ. ಬರೆದದ್ದನ್ನು ಉಳಿಸಿ ಕಂಪ್ಯೂಟರನ್ನು ಸರಿಯಾಗಿ ಮುಚ್ಚಲು ಅಷ್ಟು ಸಮಯ ಸಾಕು, ಕೊಂಡದ್ದೂ ಅದಕ್ಕೇ. ಅಪ್‌ಡೇಟ್ ಶೇ 38ಕ್ಕೆ ತಲುಪಿದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಕೀರಲು ದನಿಯಲ್ಲಿ ಕೂಗಿಕೊಳ್ಳುತ್ತಿತ್ತು, ಅಂಕಿ 41ಕ್ಕೆ ಬಂದು ನಿಂತಿತ್ತು. ನಾನು ಕೈಕಟ್ಟಿ ನೋಡುತ್ತ ನಿಂತೆ. ಆಮೇಲೆ ಪರದೆ ಕಪ್ಪಾಯಿತು. ರಾತ್ರಿ ಕರೆಂಟ್ ಬಂದ ಮೇಲೆ ಎಷ್ಟು ಸಲ ಹಚ್ಚಿದರೂ ಯಂತ್ರ ಪೂರ್ತಿ ಏಳಲಿಲ್ಲ.

ಮರುದಿನ ಮಹಾಸಭೆಯಲ್ಲಿ ಕರಡು ಹಾಳೆಗಳಿಂದ ಕೈಯಲ್ಲೇ ನಕಲು ಮಾಡಿದ ವರದಿಯನ್ನು ಓದಿದೆವು. ಲೆಕ್ಕದ ಹಾಳೆ ಕೈಯಲ್ಲಿಲ್ಲದೆ ಪ್ರಶ್ನೆ ಕೇಳುವುದು ಹೇಗೆ ಎಂದು ಹಿರಿಯ ಸದಸ್ಯೆಯೊಬ್ಬರು ಕೇಳಿದರು. ದಿನಕ್ಕೆ ಎರಡು ಹೊತ್ತು ಹಾಲು ತಂದು ಅಳೆದು ಕೊಡುವವರು ಅವರು, ಕೇಳಿದ್ದು ನ್ಯಾಯವಾಗಿತ್ತು.

ಆಮೇಲಿನ ರಿಪೇರಿಯ ಕಥೆಯೇ ಬೇರೆ. ಕಂಪ್ಯೂಟರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬಸ್ಸಿನಲ್ಲಿ ಸಿದ್ದಾಪುರಕ್ಕೆ ಒಯ್ದೆ. ನಾಲ್ಕು ದಿನ ಹಿಡಿಯಿತು, 900 ರೂಪಾಯಿ ಖರ್ಚಾಯಿತು. ಕಡತಗಳು ಉಳಿದವು, ಹಾಕಿಕೊಂಡಿದ್ದ ತಂತ್ರಾಂಶಗಳೂ ಫಾಂಟ್‌ಗಳೂ ಹೋದವು. ಹಳೆಯ ವರದಿಯೊಂದನ್ನು ತೆರೆದಾಗ ಆದ ಸಂಕಟವನ್ನು, ಕನ್ನಡ ಬರೆಯುವ ತಂತ್ರಾಂಶವಾದ ‘ನುಡಿ’ಯಲ್ಲಿ ಬರೆದು ಅಭ್ಯಾಸವಿರುವವರು ಬಲ್ಲರು. ಅಕ್ಷರಗಳ ಜಾಗದಲ್ಲಿ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ‘ಕನ್ನಡ’ ಎಂದಿರಬೇಕಾದಲ್ಲಿ ನಡುವೆ ಒಂದು ಪೌಂಡ್ ಚಿಹ್ನೆ. ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿ ಬರೆದಿದ್ದರೆ ಹೀಗಾಗುತ್ತಿರಲಿಲ್ಲ, ನಿಜ. ಆದರೆ ಸಂಘದ ಹಳೆಯ ವರದಿಗಳೆಲ್ಲ ಆ ಫಾಂಟ್‌ನಲ್ಲೇ ಇವೆ. ಫಾಂಟ್ ಮರಳಿ ಹಾಕಿದೆ. ಪ್ರಿಂಟರ್‌ನ ಡ್ರೈವರ್ (ಅದನ್ನು ಕಂಪ್ಯೂಟರ್ ಜೊತೆ ಹೊಂದಿಸುವ ತಂತ್ರಾಂಶ) ಹುಡುಕಲು ಮೂರು ಸಂಜೆಗಳು ಹೋದವು. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಅದೇ ಅಪ್‌ಡೇಟ್ ಮತ್ತೆ ಇಳಿಯತೊಡಗಿತು. ನಮ್ಮ ಮನೆಗೆ ಮೊಬೈಲ್ ಹಾಟ್‌ಸ್ಪಾಟೇ ಇಂಟರ್‌ನೆಟ್, ದಿನಕ್ಕೆ 1.5 ಜಿಬಿ. ಎರಡು ದಿನದ ಡೇಟಾ ಬೆಳಗಾಗುವುದರೊಳಗೆ ಮುಗಿದುಹೋಗುತ್ತಿತ್ತು.

ಬೆಂಗಳೂರಿನಲ್ಲಿರುವ ತಂಗಿಯ ಮಗ ಫೋನಿನಲ್ಲಿ ದಾರಿ ತೋರಿಸಿದ. ‘ಮಾವ, ಹಾಟ್‌ಸ್ಪಾಟನ್ನು ಮಿತಿ ಇರುವ ಸಂಪರ್ಕ ಎಂದು ಗುರುತು ಮಾಡು, ದೊಡ್ಡ ಅಪ್‌ಡೇಟ್ ತಾನಾಗಿ ಇಳಿಯುವುದಿಲ್ಲ’ ಎಂದ. ಇದು ಉಪಯೋಗಕ್ಕೆ ಬಂದಿತು, ನನ್ನಂತೆ ಮೊಬೈಲ್ ಡೇಟಾ ನಂಬಿರುವವರು ಮಾಡಿ ನೋಡಬಹುದು. ಅಪ್‌ಡೇಟನ್ನು ತಡೆಹಿಡಿಯುವ ಗುಂಡಿಯೂ ಸೆಟ್ಟಿಂಗ್‌ಗಳ ಒಳಗೆ ಸಿಕ್ಕಿತು. ಅದಕ್ಕೆ ಐದು ವಾರಗಳ ಗಡುವು. ಗಡುವು ಮುಗಿದರೆ ಮೊದಲು ಅಪ್‌ಡೇಟ್ ಹಾಕಿಸಿಕೊಂಡು ಆಮೇಲಷ್ಟೇ ಮತ್ತೆ ತಡೆಯಬಹುದು.

ಹಾಗೆಯೇ ಆಯಿತು. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಹುಬ್ಬಳ್ಳಿಗೆ ಹೊರಡುವ ಹಿಂದಿನ ರಾತ್ರಿ ಗಡುವು ಮುಗಿದು ಅಪ್‌ಡೇಟ್ ಕುಳಿತುಕೊಂಡಿತು. ಹಳೆಯ ಸ್ಥಿತಿಗೆ ಮರಳುವ ಗುಂಡಿ ಹತ್ತು ದಿನ ಮಾತ್ರ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹನ್ನೆರಡನೆಯ ದಿನ ಮನೆಗೆ ಬಂದು ನೋಡಿದಾಗ ಪ್ರಿಂಟರ್ ಮತ್ತೆ ಮೂಕವಾಗಿತ್ತು, ಆ ಗುಂಡಿಯೂ ಇರಲಿಲ್ಲ. ನನ್ನ ಹಣದಲ್ಲಿ ಕೊಂಡು ನನ್ನ ಮನೆಯ ಮೇಜಿನ ಮೇಲೆ ಇಟ್ಟಿರುವ ಯಂತ್ರ ಯಾವಾಗ ಬದಲಾಗಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ ಎಂದರೆ ಒಪ್ಪುವುದು ಹೇಗೆ?

ಅಪ್‌ಡೇಟ್‌ಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಹಾಕಿಕೊಳ್ಳದೆ ಇದ್ದವರು ಕಷ್ಟಕ್ಕೆ ಸಿಕ್ಕಿದರು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅವುಗಳಲ್ಲಿದ್ದವು. ಅಂಥ ಭದ್ರತಾ ಪರಿಹಾರ ನನಗೂ ಬೇಕು, ಅದು ಬಂದ ರಾತ್ರಿಯೇ ಬೇಕು. ಆದರೆ ಅದರ ಜೊತೆಗೆ ಹೊಸ ಮೆನು, ಕೇಳದ ಆ್ಯಪ್‌ಗಳು, ಜಾಹೀರಾತಿನ ಚೌಕಗಳು, ನನ್ನ ಪ್ರಿಂಟರ್‌ಗೆ ಒಗ್ಗದ ಡ್ರೈವರ್ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ, ಬೇಕಾದರೆ ಎಲ್ಲವನ್ನೂ ಹೊತ್ತುಕೋ ಎನ್ನುವುದು ಸರಿಯಲ್ಲ. ಹೀಗೆ ಏಟು ತಿಂದವರು ಅಪ್‌ಡೇಟ್ ಎಂದರೆ ಹೆದರಿ, ನಿಜಕ್ಕೂ ಬೇಕಾದ ಪರಿಹಾರವನ್ನೂ ದೂರ ಇಡುತ್ತಾರೆ. ನಮ್ಮ ಊರಿನಲ್ಲೇ ಇಬ್ಬರು ಕಂಪ್ಯೂಟರ್‌ಗೆ ಇಂಟರ್‌ನೆಟ್ ಕೊಡುವುದನ್ನೇ ಬಿಟ್ಟಿದ್ದಾರೆ.

ಭದ್ರತೆಯ ಹೆಸರಿನಲ್ಲಿ ಬರುವುದೆಲ್ಲ ಪರೀಕ್ಷೆಗೆ ಒಳಗಾಗಿಯೇ ಬಂದಿರುತ್ತದೆ ಎಂಬ ಭರವಸೆಯೂ ಇಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಬಹಳಷ್ಟು ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕುಳಿತು ಆ ಅಪ್‌ಡೇಟ್‌ನ ದೋಷದ ಕಡತವನ್ನು ಅಳಿಸಬೇಕಾಯಿತು. ದೊಡ್ಡ ಸಂಸ್ಥೆಗಳಲ್ಲಿ ಅದಕ್ಕೆಂದೇ ಜನ ಇದ್ದಾರೆ. ಮನೆಗಳಲ್ಲಿ ಯಾರಿದ್ದಾರೆ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆಯುವ ಮಾರ್ಗಸೂಚಿ ಹೊರಡಿಸಿ, ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿದೆ. ಬಿಡದೆ ಪೀಡಿಸುವುದು ಅವುಗಳಲ್ಲಿ ಒಂದು. ‘ಬೇಡ’ ಎನ್ನುವ ಆಯ್ಕೆಯನ್ನೇ ಕೊಡದೆ ನೋಟಿಫಿಕೇಷನ್ ಚಾಲೂ ಮಾಡಿ ಎಂದು ಮತ್ತೆ ಮತ್ತೆ ಕೇಳುವುದನ್ನು ಅಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ಇದನ್ನು ಓದಿದಾಗ ನನ್ನ ಪರದೆಯನ್ನೇ ನೋಡಿ ಬರೆದಂತೆ ಅನಿಸಿತು. ಅಲ್ಲಿಯೂ ‘ಈಗಲೇ’ ಇದೆ, ‘ನಂತರ’ ಇದೆ, ‘ಬೇಡ’ ಇಲ್ಲ. ಕಂಪ್ಯೂಟರ್ ಅಪ್‌ಡೇಟ್‌ಗಳಿಗೂ ಈ ನಿಯಮ ಅನ್ವಯವಾಗುತ್ತದೆ ಎಂದು ಪ್ರಾಧಿಕಾರ ಸ್ಪಷ್ಟವಾಗಿ ಹೇಳಬೇಕು. ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರ ಅಕ್ಟೋಬರ್‌ನಲ್ಲಿ, ಫೋನ್‌ಗಳನ್ನು ನಿಧಾನ ಮಾಡಿದ ಅಪ್‌ಡೇಟ್‌ಗಳ ಬಗ್ಗೆ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಅಲ್ಲಿ ಆಗುವುದಾದರೆ ಇಲ್ಲಿಯೂ ಆಗಬೇಕು.

ಭದ್ರತೆಯ ಪರಿಹಾರವನ್ನು ಉಳಿದ ಬದಲಾವಣೆಗಳಿಂದ ಬೇರೆಯಾಗಿ ಕೊಡಲಿ. ಹಿಂದಕ್ಕೆ ಮರಳಲು ಹತ್ತು ದಿನವಲ್ಲ, ಕಡಿಮೆ ಎಂದರೂ ಮೂರು ತಿಂಗಳು ಇರಲಿ. ಎಷ್ಟು ಜಿಬಿ ಇಳಿಯುತ್ತದೆ, ಏನು ಬದಲಾಗುತ್ತದೆ ಎಂಬುದನ್ನು ಮೊದಲೇ, ಕನ್ನಡದಲ್ಲಿ ತಿಳಿಸಲಿ. ನನ್ನಂತೆ ತೊಂದರೆಗೆ ಒಳಗಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕೆಂದು ಕೋರುತ್ತೇನೆ. ನಾನು ಕೊಟ್ಟಿದ್ದೇನೆ.

ನನ್ನ ಈಗಿನ ಐದು ವಾರಗಳ ಗಡುವು ಮುಂದಿನ ಶುಕ್ರವಾರ ಮುಗಿಯುತ್ತದೆ. ಅಷ್ಟರೊಳಗೆ ಸಂಘದ ಸದಸ್ಯರ ಪಟ್ಟಿಯನ್ನು ಮುದ್ರಿಸಿ, ಎಲ್ಲ ಕಡತಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ ಕಾರ್ಯದರ್ಶಿಯವರ ಕೈಗೆ ಒಪ್ಪಿಸಬೇಕು.

ನಿವೃತ್ತ ಶಿಕ್ಷಕ,
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ