ಫೋನ್ ಕೊಡ್ಸಿದ್ದಾಯ್ತು, ಮುಂದೆ?

ಎಲ್ರಿಗೂ ನಮಸ್ಕಾರ.

ಸ್ಕೂಲಿನ ಟರ್ಮ್ ಒನ್ ಶುರುವಾಗಿದೆ. ನಮ್ಮ ಸಂಘದಲ್ಲಿ ಈ ವರ್ಷ ಹೈಸ್ಕೂಲಿನ ಮೊದಲ ಕ್ಲಾಸ್, ಅಂದ್ರೆ ಇಯರ್ ಸೆವೆನ್‌ಗೆ ಹೋದ ಮಕ್ಕಳು ಸುಮಾರು ಜನ ಇದಾರೆ, ಅಂದ್ರೆ ಹೆಚ್ಚುಕಮ್ಮಿ ಅಷ್ಟೇ ಹೊಸ ಫೋನೂ ಬಂದಿದೆ ಅಂತ ಲೆಕ್ಕ. ಯಾಕೆ ಅಂತ ಕೇಳಿದ್ರೆ ಎಲ್ರದ್ದೂ ಒಂದೇ ಮಾತು, "ಆಟಕ್ಕಲ್ಲಾರೀ, ಸೇಫ್ಟಿಗೆ, ಟ್ರೇನಲ್ಲಿ ಒಬ್ಳೇ ಹೋಗ್ಬೇಕಲ್ಲ". ಸರಿ. ಆದ್ರೆ ಇಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಹೈಸ್ಕೂಲುಗಳಲ್ಲಿ 2023ರ ಅಕ್ಟೋಬರ್‌ನಿಂದ ಫೋನ್ ಮುಟ್ಟೋ ಹಾಗಿಲ್ಲ, ಕೆಲವು ಕಡೆ ಲಾಕ್ ಆಗೋ ಪೌಚಿಗೆ ಹಾಕಿಸ್ತಾರೆ, ಇನ್ನು ಕೆಲವು ಕಡೆ ಆಫ್ ಮಾಡಿ ಬ್ಯಾಗಲ್ಲೇ ಇಟ್ಕೋಬೇಕು. ಅಲ್ಲಿಗೆ ನಾವು ಸೇಫ್ಟಿ ಅಂತ ತಂದಿದ್ದು ಆ ಕೆಲ್ಸಕ್ಕೆ ಬರೋದು ಬೆಳಿಗ್ಗೆ ಸಾಯಂಕಾಲ ಓಡಾಡೋ ಹೊತ್ತಲ್ಲಿ ಮಾತ್ರ, ಮಿಕ್ಕ ಟೈಮೆಲ್ಲ ಅದು ನಡೆಯೋದು ಮನೇಲಿ, ರೂಮಲ್ಲಿ, ಬಾಗಿಲು ಹಾಕ್ಕೊಂಡು. ನಮ್ಮ ಭಯ ಇರೋದು ಮಾತ್ರ ಪ್ಯಾರಮ್ಯಾಟಾ ರೈಲ್ವೆ ಸ್ಟೇಷನ್ ಮೇಲೆ!

2025ರ ಡಿಸೆಂಬರ್ 10ಕ್ಕೆ ಹದಿನಾರರ ಕೆಳಗಿನ ಮಕ್ಕಳಿಗೆ ಸೋಷಿಯಲ್ ಮೀಡಿಯಾ ಅಕೌಂಟ್ ಬೇಡ ಅನ್ನೋ ಕಾನೂನು ಜಾರಿಗೆ ಬಂತಲ್ಲ, ಆಗ ನಮ್ಮ ಗ್ರೂಪಲ್ಲಿ ಒಂದು ಹಬ್ಬದ ವಾತಾವರಣ. ಉಸ್ಸಪ್ಪಾ, ಇನ್ನು ಸರ್ಕಾರ ನೋಡ್ಕೊಳತ್ತೆ ಅಂತ. ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್, ಯೂಟ್ಯೂಬ್ ಎಲ್ಲ ಸೇರಿ ಹತ್ತು ಆಪ್, ತಪ್ಪಿದ್ರೆ 4.95 ಕೋಟಿ ಡಾಲರ್‌ವರೆಗೆ ದಂಡ, ಅದೂ ಕಂಪನಿಗೆ, ಅಪ್ಪ ಅಮ್ಮಂಗಾಗ್ಲಿ ಮಕ್ಕಳಿಗಾಗ್ಲಿ ಏನೂ ಇಲ್ಲ. 2026ರ ಜನವರಿಯಲ್ಲಿ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 47 ಲಕ್ಷ ಅಕೌಂಟ್ ಹೋಗಿದೆ. ಕಮ್ಮಿ ಅಲ್ಲ, ನನಗಂತೂ ಈ ಕಾನೂನು ಬೇಕಿತ್ತು ಅಂತ್ಲೇ ಅನ್ಸತ್ತೆ, "ಎಲ್ರ ಹತ್ರಾನೂ ಇದೆ, ನಂಗ್ ಮಾತ್ರ ಇಲ್ಲ" ಅನ್ನೋ ವಾದಕ್ಕೆ ಮೊದಲ ಸಲ ಒಂದು ಉತ್ತರ ಸಿಕ್ತು. ಆದ್ರೆ ಪಟ್ಟಿ ಸ್ವಲ್ಪ ನೋಡಿ. ವಾಟ್ಸಾಪ್ ಅದರಲ್ಲಿಲ್ಲ, ಗೇಮ್ ಆಡೋರು ಚಾಟ್ ಮಾಡೋ ಡಿಸ್ಕಾರ್ಡ್ ಇಲ್ಲ, ಮಕ್ಕಳು ಆನ್‌ಲೈನ್ ಆಟ ಆಡೋ ರೋಬ್ಲಾಕ್ಸ್ ಇಲ್ಲ, ಯೂಟ್ಯೂಬ್ ಲಾಗಿನ್ ಇಲ್ದೇನೂ ಓಡತ್ತೆ. ವಾಟ್ಸಾಪ್ ಉಳಿದಿದ್ದು ಮೈಸೂರು ಹುಬ್ಬಳ್ಳಿಲಿರೋ ಅಜ್ಜಿ ತಾತಂದಿರಿಗೆ ಒಳ್ಳೇದೇ ಆಯ್ತು, ಆದ್ರೆ ಕ್ಲಾಸಿನ ಗ್ರೂಪು, ಆ ಗ್ರೂಪಿಂದ ಒಬ್ಬಳನ್ನ ಬಿಟ್ಟು ಮಾಡಿದ ಇನ್ನೊಂದು ಗ್ರೂಪು, ರಾತ್ರಿ ಹನ್ನೊಂದಕ್ಕೆ ಬರೋ ಸ್ಕ್ರೀನ್‌ಶಾಟು, ಇವೆಲ್ಲ ಅಲ್ಲೇ ಇರತ್ತೆ.

ಈಗ ಸ್ವಲ್ಪ ಕಷ್ಟದ ವಿಷ್ಯ, ನಮ್ಮ ಮನೆಗಳಲ್ಲಿ ಮಾತಾಡದೇ ಇರೋದು. ಹುಡುಗ್ರನ್ನ, ಹೌದು ಗಂಡು ಹುಡುಗ್ರನ್ನೇ ಜಾಸ್ತಿ, ಆನ್‌ಲೈನಲ್ಲಿ ಹುಡುಗಿ ಥರ ಪರಿಚಯ ಮಾಡ್ಕೊಂಡು ಒಂದು ಫೋಟೋ ಕಳಿಸೋ ಹಾಗೆ ಮಾಡಿ, ಆಮೇಲೆ ದುಡ್ಡು ಕೊಡು ಇಲ್ಲಾಂದ್ರೆ ನಿನ್ನ ಫ್ರೆಂಡ್ಸಿಗೆಲ್ಲ ಹಾಕ್ತೀನಿ ಅಂತ ಹೆದರಿಸೋ ದಂಧೆ ಇದೆ. ಇದರ ಬಗ್ಗೆ ಇಲ್ಲಿನ ಫೆಡರಲ್ ಪೊಲೀಸ್‌ನವರು ವರ್ಷಗಳಿಂದ ಹೇಳ್ತಾನೇ ಇದಾರೆ. ಆನ್‌ಲೈನ್ ಸುರಕ್ಷತೆ ನೋಡ್ಕೊಳೋ ಸರ್ಕಾರಿ ಸಂಸ್ಥೆ ಇ-ಸೇಫ್ಟಿಯವರ ಸಲಹೆ ಸಿಂಪಲ್ಲು: ದುಡ್ಡು ಕೊಡ್ಬೇಡಿ, ಸ್ಕ್ರೀನ್‌ಶಾಟ್ ಇಟ್ಕೊಂಡು ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ಆದ್ರೆ ಇದು ಆಗ್ಬೇಕಂದ್ರೆ ಆ ಹುಡುಗ ಮೊದಲು ಯಾರ ಹತ್ರಾನಾದ್ರೂ ಬಾಯಿ ಬಿಡ್ಬೇಕಲ್ಲ. ಬಿಡ್ತಾನಾ? ನಮ್ಮಲ್ಲಿ ಏನೇ ಆದ್ರೂ ಮೊದಲ ಶಿಕ್ಷೆ "ಫೋನ್ ಕೊಡಿಲ್ಲಿ", ಎರಡನೇದು "ನಮ್ಮ ಮರ್ಯಾದೆ ಕಳೆದ್ಯಲ್ಲೋ". ಇವೆರಡೂ ಕೇಳಿ ಬೆಳೆದ ಹುಡುಗ ಕಷ್ಟಕ್ಕೆ ಸಿಕ್ಕಾಗ ಅಪ್ಪನ ಹತ್ರ ಬರಲ್ಲ. ಅದಕ್ಕೇ ಫೋನ್ ಕೈಗೆ ಕೊಡೋ ದಿನಾನೇ ಒಂದು ಮಾತು ಕೊಟ್ಬಿಡಿ, ಏನೇ ತಪ್ಪು ಮಾಡಿ ಬಂದ್ರೂ ಹೇಳಿದ್ದಕ್ಕೆ ಫೋನ್ ಕಿತ್ಕೊಳಲ್ಲ ಅಂತ, ಮತ್ತೆ ಆ ಮಾತು ಉಳಿಸ್ಕೊಳ್ಳಿ. ಮನೇಲಿ ಹೇಳಕ್ಕೆ ಆಗ್ದೇ ಇದ್ರೆ ಕಿಡ್ಸ್ ಹೆಲ್ಪ್‌ಲೈನ್ ಇದೆ, 1800 55 1800, ಯಾವ ಹೊತ್ತಲ್ಲಾದ್ರೂ ಮಾಡ್ಬಹುದು, ಫ್ರೀ. ನಂಬರ್ ಫ್ರಿಜ್ ಮೇಲೆ ಅಂಟಿಸಿ.

ಇನ್ನು ಟ್ರ್ಯಾಕಿಂಗ್. ಮಗಳು ಎಲ್ಲಿದಾಳೆ ಅಂತ ಮ್ಯಾಪಲ್ಲಿ ಚುಕ್ಕೆ ನೋಡೋದು ಈಗ ನಮಗೆಲ್ಲ ಒಂದು ಚಟ, ಮೀಟಿಂಗ್ ಮಧ್ಯೆ ಟೇಬಲ್ ಕೆಳಗೆ ನೋಡೋರಿದಾರೆ. ನಾವೆಲ್ಲ ಹತ್ತು ವರ್ಷಕ್ಕೇ ಒಬ್ಬೊಬ್ರೇ ಬಸ್ಸಲ್ಲಿ ಸ್ಕೂಲಿಗೆ ಹೋಗ್ತಿರ್ಲಿಲ್ವಾ ಅಂತ ಕೆಲವರು ಶುರು ಮಾಡ್ತಾರೆ, ನಂಗೆ ಆ ವಾದ ಅಷ್ಟು ಹಿಡಿಸಲ್ಲ. ಆಗ ಬೀದಿ ತುಂಬ "ಯಾರ ಮಗನೋ ನೀನು" ಅಂತ ಕೇಳೋರಿದ್ರು, ಕಂಡಕ್ಟರ್‌ಗೆ ಕೂಡ ಮುಖ ಪರಿಚಯ. ಇಲ್ಲಿ ಅವರಿಲ್ಲ, ಆ ಜಾಗಕ್ಕೆ ಚುಕ್ಕೆ ಬಂದಿದೆ, ಅದು ಅರ್ಥ ಆಗತ್ತೆ. ಆದ್ರೆ ಚುಕ್ಕೆ ಬ್ಲ್ಯಾಕ್‌ಟೌನಲ್ಲಿ ನಿಂತಿದೆ ಅಂತ ಗೊತ್ತಾದ್ರೆ ಆಫೀಸಲ್ಲಿ ಕೂತು ನಾವೇನು ಮಾಡ್ತೀವಿ, ಫೋನ್ ಮಾಡಿ ಮಾಡಿ ಅವಳ ಬ್ಯಾಟರಿ ಖಾಲಿ ಮಾಡ್ತೀವಿ ಅಷ್ಟೇ. ಟ್ರೇನ್ ಕ್ಯಾನ್ಸಲ್ ಆದ್ರೆ ಬೋರ್ಡ್ ಹೇಗೆ ಓದೋದು, ಸ್ಟೇಷನ್ ಸ್ಟಾಫನ್ನ ಏನಂತ ಕೇಳೋದು, ತಪ್ಪು ಟ್ರೇನ್ ಹತ್ತಿದ್ರೆ ಮುಂದಿನ ಸ್ಟಾಪಲ್ಲಿ ಇಳಿದು ಅಲ್ಲೇ ನಿಲ್ಲೋದು, ಇದನ್ನ ಒಂದೆರಡು ಶನಿವಾರ ಜೊತೇಲಿ ಹೋಗಿ, ಅವಳನ್ನ ಮುಂದೆ ಬಿಟ್ಟು ನಾವು ಬಾಯಿ ಮುಚ್ಕೊಂಡು ಹಿಂದೆ ನಡೆದು ಕಲಿಸ್ಬಹುದು. (ಬಾಯಿ ಮುಚ್ಕೊಳೋದೇ ಕಷ್ಟ, ಗೊತ್ತು.) ವೀಕೆಂಡಲ್ಲಿ ಟ್ರ್ಯಾಕ್‌ವರ್ಕ್, ಅಂದ್ರೆ ಹಳಿ ರಿಪೇರಿ ಇದ್ರೆ ಇನ್ನೂ ಒಳ್ಳೇದು, ಪ್ರಾಕ್ಟೀಸ್ ಆಗತ್ತೆ.

ಇನ್ನೊಂದು, ಇವತ್ತೇ ರಾತ್ರಿ ಊಟದ ಹೊತ್ತಲ್ಲಿ ಕೇಳಿ ನೋಡಿ, ಅಮ್ಮನ ನಂಬರ್ ಬಾಯಲ್ಲಿ ಬರತ್ತಾ ಅಂತ. ಫೋನಲ್ಲಿ "ಅಮ್ಮ" ಅಂತ ಸೇವ್ ಆಗಿರತ್ತೆ, ಫೋನ್ ಸ್ವಿಚ್ ಆಫ್ ಆದ್ರೆ ಅಮ್ಮಾನೂ ಆಫ್. ಕನ್ನಡ ಶಾಲೆ ಟೀಚರ್‌ಗಳಿಗೆ ಹೇಳಿದೀನಿ, ಈ ಟರ್ಮ್ ಅಂಕಿ ಕಲಿಸೋವಾಗ ಪ್ರತಿ ಮಗೂನೂ ಮನೆಯ ಎರಡು ನಂಬರ್ ಬಾಯಿಪಾಠ ಒಪ್ಪಿಸ್ಬೇಕು, ಸೊನ್ನೆ ನಾಲ್ಕು ಅಂತ ಕನ್ನಡದಲ್ಲೇ.

ಮುಂದಿನ ಸಂಚಿಕೆಯ ಮಕ್ಕಳ ಪುಟಕ್ಕೆ ವಿಷ್ಯ: "ನಮ್ಮನೇಲಿ ಅಪ್ಪ ಅಮ್ಮನ ಫೋನಿಗೆ ನಾನು ಹಾಕೋ ರೂಲ್ಸ್". ಕನ್ನಡ, ಇಂಗ್ಲಿಷ್, ಎರಡೂ ಕಲಸಿ, ಹೇಗಾದ್ರೂ ಸರಿ, ಒಂದು ಪೇಜ್ ಒಳಗಿರ್ಲಿ. ಸಂಘದ ಇಮೇಲಿಗೆ ಮಕ್ಕಳೇ ಕಳಿಸ್ಲಿ, ದಯವಿಟ್ಟು ನೀವು ತಿದ್ದಕ್ಕೆ ಹೋಗ್ಬೇಡಿ.