ತೆರಿಗೆ ಇದೆ, ಕಾಯ್ದೆ ಇಲ್ಲ

ಸಂಪಾದಕರಿಗೆ,

ಮಾನ್ಯರೇ,

ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಕರೆನ್ಸಿ (ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ನಾಣ್ಯ, ಅಂದರೆ ‘ಕಾಯಿನ್’) ಕುರಿತು ನಿಮ್ಮ ಓದುಗರ ಅಂಕಣದಲ್ಲಿ ಕೆಲ ದಿನಗಳಿಂದ ನಡೆದಿರುವ ವಾದವನ್ನು ಗಮನಿಸುತ್ತಿದ್ದೇವೆ. ಸರ್ಕಾರದ ಮುಷ್ಟಿಯಿಂದ ರೊಕ್ಕವನ್ನು ಬಿಡಿಸುವ ದಾರಿ ಇದೊಂದೇ ಎಂದು ಕೆಲವರು ಬರೆದಿದ್ದಾರೆ. ಎಲ್ಲವನ್ನೂ ನಿಷೇಧಿಸಿ ರಿಸರ್ವ್ ಬ್ಯಾಂಕಿನ ಮಾತು ಕೇಳಿ ಎಂದು ಉಳಿದವರು ಬರೆದಿದ್ದಾರೆ. ಬಾಗಲಕೋಟೆ, ಜಮಖಂಡಿ, ಮುಧೋಳದ ಬ್ಯಾಂಕ್ ಶಾಖೆಗಳಲ್ಲಿ ದಿನಾ ಎದುರಾಗುವ ತೊಂದರೆ ಈ ಎರಡೂ ಪತ್ರಗಳಲ್ಲಿ ಕಾಣಲಿಲ್ಲ. ಬಿಟ್‌ಕಾಯಿನ್ನಿನ ವಹಿವಾಟು ದಾಖಲಾಗುವ ಸರಪಳಿಯನ್ನು ಯಾವ ಸರ್ಕಾರವೂ ಮುಟ್ಟಬೇಕಾಗಿಲ್ಲ. ಕಾಯಿನ್ನನ್ನು ರೂಪಾಯಿ ಮಾಡಿಕೊಳ್ಳುವ ಬ್ಯಾಂಕ್ ಖಾತೆ ಅದರ ಕೈಯಲ್ಲಿದ್ದರೆ ಸಾಕು. ಆ ಹಿಡಿತ ಎಲ್ಲಿಯವರೆಗೆ ಚಾಚಬಹುದು ಎಂದು ಹೇಳುವ ಪ್ರತ್ಯೇಕ ಕಾಯ್ದೆಯನ್ನು ನಮ್ಮ ಸಂಸತ್ತು ಮಾಡಿಲ್ಲ, ನಮ್ಮ ತಕರಾರು ಇರುವುದು ಅದಕ್ಕೆ.

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವಹಿವಾಟಿನವರಿಗೆ ಯಾವ ಸೇವೆಯನ್ನೂ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇದನ್ನೇ ಹಿಡಿದು ‘ಕೋರ್ಟೇ ಒಪ್ಪಿದೆ’ ಎಂದು ಕಾಯಿನ್ ಮಾರುವ ಏಜೆಂಟರು ಈಗಲೂ ಊರೂರು ತಿರುಗುತ್ತಾರೆ. ಕೋರ್ಟು ಕ್ರಿಪ್ಟೋಗೆ ಮಾನ್ಯತೆ ಕೊಟ್ಟಿಲ್ಲ. ಕ್ರಮ ಕೈಗೊಳ್ಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇದೆ ಎಂದೇ ಅದು ಹೇಳಿತು. ಆದರೆ ರಿಸರ್ವ್ ಬ್ಯಾಂಕ್ ತನ್ನ ಅಧೀನದ ಸಂಸ್ಥೆಗಳಿಗೆ ಇದರಿಂದ ಏನು ಹಾನಿಯಾಯಿತು ಎಂದು ತೋರಿಸದೆ ಇಷ್ಟು ಬಿರುಸಿನ ಕ್ರಮ ತೆಗೆದುಕೊಂಡದ್ದು ಅತಿಯಾಯಿತು ಎಂದಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಯಲ್ಲಿ ಕ್ರಿಪ್ಟೋ ಮಸೂದೆಯೊಂದು ಕಾಣಿಸಿಕೊಂಡು ಮಂಡನೆಯಾಗದೆ ಉಳಿಯಿತು. 2022ರ ಏಪ್ರಿಲ್ 1ರಿಂದ ಶೇ 30 ತೆರಿಗೆ, ಜುಲೈ 1ರಿಂದ ಮಾರಾಟದ ಮೊತ್ತದಲ್ಲೇ ಹಿಡಿದುಕೊಳ್ಳುವ ಶೇ 1 ಟಿಡಿಎಸ್ ಬಂತು. 2023ರ ಮಾರ್ಚ್ 7ರಂದು ಕಾಯಿನ್ ಕೊಂಡು-ಮಾರುವ ವೇದಿಕೆಗಳಾದ ಎಕ್ಸ್‌ಚೇಂಜ್‌ಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತರಲಾಯಿತು. ಮಾರಿದರೆ ತೆರಿಗೆ ಬೇಕು, ಮಾರುವುದು ಸರಿಯೋ ಅಂದರೆ ಉತ್ತರವಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗಿದೆ.

ತೆರಿಗೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ಕಾಯಿನ್ ಕೊಂಡವರಲ್ಲೇ ಅನೇಕರಿಗೆ ತಿಳಿದಿಲ್ಲ. ಒಂದೇ ವರ್ಷದಲ್ಲಿ ಒಂದು ಕಾಯಿನ್ನನ್ನು ₹1,00,000ಕ್ಕೆ ಕೊಂಡು ₹1,60,000ಕ್ಕೆ ಮಾರಿದರು, ಇನ್ನೊಂದನ್ನು ₹1,00,000ಕ್ಕೆ ಕೊಂಡು ₹40,000ಕ್ಕೆ ಮಾರಿದರು ಅನ್ನೋಣ. ಒಂದರಲ್ಲಿ ₹60,000 ಲಾಭ, ಇನ್ನೊಂದರಲ್ಲಿ ₹60,000 ನಷ್ಟ. ಕೈಗೆ ಹತ್ತಿದ್ದು ಸೊನ್ನೆ. ತೆರಿಗೆ ಮಾತ್ರ ಲಾಭದ ₹60,000ದ ಮೇಲೆ ಶೇ 30, ಅಂದರೆ ₹18,000. ಅದರ ಮೇಲೆ ಶೇ 4 ಸೆಸ್ ₹720. ಒಟ್ಟು ₹18,720. ಎರಡೂ ಮಾರಾಟದಲ್ಲಿ ಹಿಡಿದ ₹2,000 ಟಿಡಿಎಸ್ ಕಳೆದರೆ ₹16,720 ಕಟ್ಟಬೇಕು. ನಷ್ಟವನ್ನು ಇನ್ನೊಂದು ಕಾಯಿನ್ನಿನ ಲಾಭಕ್ಕೆ ಹೊಂದಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಕೊಂಡ ಬೆಲೆ ಬಿಟ್ಟರೆ ಎಕ್ಸ್‌ಚೇಂಜ್ ಶುಲ್ಕವೂ ಸೇರಿ ಯಾವ ಖರ್ಚೂ ಕಳೆಯುವುದಿಲ್ಲ. ಮೂಲ ವಿನಾಯಿತಿ ಮಿತಿ ಇದಕ್ಕೆ ಇಲ್ಲ, ಹಾಗಾಗಿ ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿಯೂ ಅದೇ ಶೇ 30 ಕಟ್ಟಬೇಕು. ಒಂದು ಕಾಯಿನ್ ಕೊಟ್ಟು ಇನ್ನೊಂದು ಪಡೆದರೆ ಅದೂ ಮಾರಾಟವೇ. ರೂಪಾಯಿ ಕಾಣದಿದ್ದರೂ ತೆರಿಗೆ ಬರುತ್ತದೆ ಎಂಬುದನ್ನು ರಿಟರ್ನ್ ತುಂಬುವಾಗಲೇ ಹಲವರು ಮೊದಲ ಸಲ ಕೇಳುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ, ತಿರುಳು ಹಾಗೇ ಇದೆ.

ಈ ತೆರಿಗೆಯ ಭಾರ ತಪ್ಪಿಸಲು ಜನ ಹಿಡಿದ ದಾರಿ ಪಿ2ಪಿ. ಎಕ್ಸ್‌ಚೇಂಜ್ ಆಪ್‌ನಲ್ಲಿ ಮಾರುವವ, ಕೊಳ್ಳುವವ ನೇರವಾಗಿ ಭೇಟಿಯಾಗುತ್ತಾರೆ. ಕಾಯಿನ್ ಆಪ್‌ನ ಒತ್ತೆಯಲ್ಲಿ ಇರುತ್ತದೆ, ರೂಪಾಯಿ ಯುಪಿಐ ಇಲ್ಲವೆ ಐಎಂಪಿಎಸ್ ಮೂಲಕ ಮಾರುವವನ ಖಾತೆಗೆ ಬರುತ್ತದೆ. ಹೆಚ್ಚಿನ ವಹಿವಾಟು ನಡೆಯುವುದು ಡಾಲರಿನ ಬೆಲೆಗೆ ಕಟ್ಟಿದ ಕಾಯಿನ್ ಆದ ಯುಎಸ್‌ಡಿಟಿಯಲ್ಲಿ. ಎಡವಟ್ಟು ಆಗುವುದೂ ಇಲ್ಲೇ.

ದೂರದ ಊರಿನಲ್ಲಿ ಯಾರೋ ಪೊಲೀಸರ ಸೋಗಿನ ವಂಚಕರ ‘ಡಿಜಿಟಲ್ ಅರೆಸ್ಟ್’ ಬೆದರಿಕೆಗೆ ಹೆದರಿ ₹5 ಲಕ್ಷ ಕಳಿಸುತ್ತಾರೆ. ಹಣ ಮೊದಲು ಬೀಳುವುದು ಕಮಿಷನ್ನಿಗೆ ಬಾಡಿಗೆ ಕೊಟ್ಟ ಖಾತೆಯೊಂದಕ್ಕೆ, ಪೊಲೀಸರ ಭಾಷೆಯಲ್ಲಿ ಅದು ಲೇಯರ್ 1. ನಿಮಿಷಗಳಲ್ಲಿ ಅದು ಹತ್ತಾರು ಖಾತೆಗಳಿಗೆ ಒಡೆಯುತ್ತದೆ, ಲೇಯರ್ 2. ಅಲ್ಲಿಂದ ₹45,000 ಜಮಖಂಡಿಯ ಒಬ್ಬ ಯುಎಸ್‌ಡಿಟಿ ಮಾರುವವನಿಗೆ ಬರುತ್ತದೆ. ಯುಎಸ್‌ಡಿಟಿಗೆ ₹90ರ ದರ ಹಿಡಿದರೆ ಇದು 500 ಕಾಯಿನ್ನಿನ ಬೆಲೆ. ರೊಕ್ಕ ಬಂತೆಂದು ಆತ ಕಾಯಿನ್ ಬಿಡುತ್ತಾನೆ, ಅದು ವಿದೇಶದ ವಾಲೆಟ್ (ಕಾಯಿನ್ ಇಡುವ ಡಿಜಿಟಲ್ ಚೀಲ) ಸೇರುತ್ತದೆ. ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಮೇಲೆ ದೂರು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಇದೇ ಸರಪಳಿ ಹಿಡಿದು ಬರುತ್ತದೆ. ಕಳ್ಳ ಸಿಕ್ಕುವುದಿಲ್ಲ, ಕಾಯಿನ್ ಸಿಕ್ಕುವುದಿಲ್ಲ. ರೂಪಾಯಿ ನಿಂತ ಕೊನೆಯ ಖಾತೆ ಜಮಖಂಡಿಯದು, ಅದಕ್ಕೇ ಬೀಗ.

ವಿವಾದ ₹45,000ದ್ದು, ಎಷ್ಟೋ ಸಲ ಫ್ರೀಜ್ ಆಗುವುದು ಇಡೀ ಖಾತೆ. ಜಮಾ ಆಗುತ್ತದೆ, ತೆಗೆಯಲು ಬರುವುದಿಲ್ಲ. ಅದೇ ಖಾತೆಗೆ ಕಬ್ಬಿನ ಬಿಲ್ಲು ಬರುವುದಿದ್ದರೆ ಅದೂ ಒಳಗೇ ಸಿಕ್ಕಿಕೊಳ್ಳುತ್ತದೆ. (14 ದಿನದೊಳಗೆ ಕೊಡಬೇಕಾದ ಬಿಲ್ಲು ತಿಂಗಳುಗಟ್ಟಲೆ ತಡೆದು ಬಂದು, ಬಂದ ದಿನವೇ ಫ್ರೀಜ್ ಆದರೆ ರೈತನ ಪಾಡು ಏನು?) ಶಾಖೆಯಲ್ಲಿ ಕೇಳಿದರೆ ‘ಸೈಬರ್ ಕಂಪ್ಲೇಂಟ್ ಇದೆ, ನಮಗೆ ಗೊತ್ತಿಲ್ಲ’ ಎಂಬ ಒಂದೇ ಸಾಲು. ಅಷ್ಟಕ್ಕೆ ಸುಮ್ಮನೆ ಎದ್ದು ಬರಬಾರದು. ಸೈಬರ್ ಪೋರ್ಟಲ್ಲಿನ ಸ್ವೀಕೃತಿ ಸಂಖ್ಯೆ, ಪೊಲೀಸ್ ಠಾಣೆಯ ಹೆಸರು, ತನಿಖಾಧಿಕಾರಿಯ ಇಮೇಲ್, ವಿವಾದದ ಮೊತ್ತ, ಯಾವ ಯುಟಿಆರ್ (ಹಣ ವರ್ಗಾವಣೆಯ ಗುರುತು) ಸಂಖ್ಯೆಯ ಜಮೆಗೆ ತಕರಾರು ಎಂಬ ಐದನ್ನೂ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಳ್ಳಬೇಕು. ನಂತರ ಆ ದಿನದ ಪಿ2ಪಿ ಆರ್ಡರ್ ಸಂಖ್ಯೆ, ಆಪ್‌ನ ಸಂಭಾಷಣೆ, ಕೊಂಡವರ ಕೆವೈಸಿ ಹೆಸರು, ಕಾಯಿನ್ ಹೋದ ವಿಳಾಸ, ಟ್ರಾನ್ಸಾಕ್ಷನ್ ಹ್ಯಾಶ್ (ಆ ಕಾಯಿನ್ ವರ್ಗಾವಣೆಯ ಗುರುತು), ಖಾತೆಯ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿ ತನಿಖಾಧಿಕಾರಿಗೆ ಕಳಿಸಿ, ಲೀನ್ ಅನ್ನು (ಖಾತೆಯ ಮೇಲಿನ ತಡೆಯನ್ನು) ವಿವಾದದ ಮೊತ್ತಕ್ಕೆ ಇಳಿಸಿ ಎಂದು ಕೇಳಬೇಕು. ಫ್ರೀಜ್ ಮಾಡುವಾಗ ಪೊಲೀಸರು ತಿಳಿಸಿದ ಮೊತ್ತಕ್ಕಷ್ಟೇ ಮಾಡಿ ಎಂದು ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಅರ್ಜಿಯಲ್ಲಿ ಅದನ್ನು ಕಾಣಿಸಿದರೆ ತೂಕ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ತೊಡಕು ಅಂದರೆ ಆ ಮ್ಯಾಜಿಸ್ಟ್ರೇಟ್ ದೂರು ದಾಖಲಾದ ಊರಿನವರು. ತೆಲಂಗಾಣದ ದೂರಿಗೆ ತೆಲಂಗಾಣಕ್ಕೇ ಹೋಗಬೇಕು, ಅಲ್ಲಿಯ ವಕೀಲರನ್ನೇ ಹಿಡಿಯಬೇಕು.

ಇದಕ್ಕಿಂತ ಮುಂಚಿನ ಎಚ್ಚರ ಅಗ್ಗ. ಕೊಂಡವರ ಕೆವೈಸಿ ಹೆಸರಿಗೂ ಹಣ ಕಳಿಸಿದ ಖಾತೆಯ ಹೆಸರಿಗೂ ತಾಳೆಯಾಗದಿದ್ದರೆ ಕಾಯಿನ್ ಬಿಡಬಾರದು, ‘ಇದು ನಮ್ಮ ಅಣ್ಣನ ಖಾತೆ’ ಎಂಬ ಮಾತಿಗೆ ಕರಗಬಾರದು. ಮಾರುಕಟ್ಟೆಗಿಂತ ಎರಡು-ಮೂರು ರೂಪಾಯಿ ಹೆಚ್ಚು ಕೊಡುತ್ತೇನೆ ಅನ್ನುವವನನ್ನು ದೂರ ಇಡಬೇಕು. ಕದ್ದ ರೊಕ್ಕವನ್ನು ಬೇಗ ಸಾಗಿಸುವ ಆತುರದವನಿಗೆ ಬಿಟ್ಟು ಬೇರೆಯವರಿಗೆ ಆ ಧಾರಾಳ ಇರುವುದಿಲ್ಲ. ಕಬ್ಬಿನ ಬಿಲ್ಲು, ಪಗಾರ, ಪಿಂಚಣಿ ಬರುವ ಖಾತೆಯನ್ನು ಪಿ2ಪಿಗೆ ಜೋಡಿಸಲೇಬಾರದು.

ಸರ್ಕಾರದ ಹಿಡಿತ ಬೇಡವೆಂದು ಯುಎಸ್‌ಡಿಟಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅದು ಹೊರಮೈಯಲ್ಲಿ ಕ್ರಿಪ್ಟೋ, ಒಳಗೆ ಅಮೆರಿಕದ ಡಾಲರು; ಅದರ ಬೆನ್ನಿಗಿರುವ ಆಸ್ತಿಯ ಬಹುಪಾಲು ಅಮೆರಿಕ ಸರ್ಕಾರದ ಸಾಲಪತ್ರ. ಅದನ್ನು ಹೊರಡಿಸುವ ಕಂಪನಿ ಯಾವುದೇ ವಾಲೆಟ್ ವಿಳಾಸದಲ್ಲಿರುವ ಕಾಯಿನ್ನನ್ನು ಅಲ್ಲೇ ನಿಲ್ಲಿಸಬಲ್ಲದು, ತನಿಖಾ ಸಂಸ್ಥೆಗಳು ಕೇಳಿದಾಗ ನಿಲ್ಲಿಸಿಯೂ ಇದೆ. ನಮ್ಮ ಊರಿನ ಬ್ಯಾಂಕು ಫ್ರೀಜ್ ಮಾಡಿದರೆ ಮ್ಯಾನೇಜರ್ ಮುಂದೆ ಹೋಗಿ ಜಗಳವಾದರೂ ಆಡಬಹುದು. ಬಿಟ್‌ಕಾಯಿನ್ನಿನ ಮಾತು ಬೇರೆ, ಒಪ್ಪುತ್ತೇವೆ. 2.1 ಕೋಟಿಗಿಂತ ಹೆಚ್ಚು ಅದು ಹುಟ್ಟುವುದಿಲ್ಲ; 2024ರ ಏಪ್ರಿಲ್‌ನಿಂದ ಸುಮಾರು 10 ನಿಮಿಷಕ್ಕೊಮ್ಮೆ ಹೊಸದಾಗಿ ಬರುವುದು 3.125 ಮಾತ್ರ, 12 ಅಥವಾ 24 ಪದಗಳ ಕೀಲಿ ನಿಮ್ಮಲ್ಲೇ ಇದ್ದರೆ ಯಾರೂ ತಡೆಯಲಾರರು. ಆ ಪದಗಳ ಚೀಟಿ ಕಳೆದರೆ ಮರಳಿ ಕೊಡಿಸುವವರೂ ಯಾರೂ ಇಲ್ಲ. ಬೆಲೆಯ ಏರಿಳಿತ ಅಂತೂ ಅಂಗಡಿಯವನು ದರದ ಪಟ್ಟಿ ಬರೆಯಲಾಗದಷ್ಟು. 2021ರ ಸೆಪ್ಟೆಂಬರ್‌ನಲ್ಲಿ ಬಿಟ್‌ಕಾಯಿನ್ ಸ್ವೀಕಾರವನ್ನು ಕಡ್ಡಾಯ ಮಾಡಿದ್ದ ಎಲ್ ಸಾಲ್ವಡಾರ್ ಕೂಡ ಐಎಂಎಫ್ ಸಾಲದ ಷರತ್ತಿನಂತೆ 2025ರ ಜನವರಿಯಲ್ಲಿ ಅದನ್ನು ಐಚ್ಛಿಕ ಮಾಡಿತು.

ಹಲವು ಬಗೆಯ ನಾಣ್ಯ ಒಟ್ಟಿಗೆ ನಡೆಯುವುದು ಈ ಊರಿಗೆ ಹೊಸದೇನಲ್ಲ. ಪೇಶ್ವೆಯರ ಕಾಲದಲ್ಲಿ ರಾಸ್ತೆ ಮನೆತನದವರ ಕೈಯಲ್ಲಿದ್ದ ಬಾಗಲಕೋಟೆಯಲ್ಲೇ ಟಂಕಸಾಲೆ ಇತ್ತು, ಇಲ್ಲಿಯ ನಾಣ್ಯಕ್ಕೆ ಮಲ್ಹಾರಶಾಹಿ ರೂಪಾಯಿ ಎಂಬ ಹೆಸರು. ಊರು ದಾಟಿದರೆ ಬೇರೆ ರೂಪಾಯಿ, ಬದಲಿಸಿಕೊಳ್ಳಲು ಸರಾಫರಿಗೆ ಬಟ್ಟಾ ಎಂಬ ಶುಲ್ಕ. 1835ರಲ್ಲಿ ಕಂಪನಿ ಸರ್ಕಾರ ಒಂದೇ ತೂಕದ ರೂಪಾಯಿ ತಂದಾಗ ಅಧಿಕಾರ ಒಂದೆಡೆ ಸೇರಿತು ನಿಜ, ಬಟ್ಟಾದ ಕಾಟವೂ ಕಡಿಮೆಯಾಯಿತು. ಇಂದಿನ ಎಕ್ಸ್‌ಚೇಂಜ್ ಶುಲ್ಕ ಆ ಬಟ್ಟಾವೇ.

ಹಾಗೆಂದು ರಿಸರ್ವ್ ಬ್ಯಾಂಕ್ ಹೇಳಿದ್ದೇ ವೇದ ಎಂಬ ವಾದವನ್ನೂ ಒಪ್ಪಲಾಗದು. 1934ರ ಆರ್‌ಬಿಐ ಕಾಯ್ದೆಯ 7ನೇ ಕಲಂ ಪ್ರಕಾರ, ಗವರ್ನರ್ ಜೊತೆ ಸಮಾಲೋಚಿಸಿ ಸಾರ್ವಜನಿಕ ಹಿತದ ಹೆಸರಲ್ಲಿ ಸರ್ಕಾರ ಅದಕ್ಕೆ ನಿರ್ದೇಶನ ಕೊಡಬಹುದು. ನೋಟು ರದ್ದು ಮಾಡಲು 26(2)ನೇ ಕಲಂ ಕೇಳುವುದು ಆರ್‌ಬಿಐ ಮಂಡಳಿಯ ಶಿಫಾರಸು. 2016ರ ನವೆಂಬರ್ 7ರಂದು ಸರ್ಕಾರವೇ ಪತ್ರ ಬರೆಯಿತು, 8ರಂದು ಮಂಡಳಿ ಶಿಫಾರಸು ಕೊಟ್ಟಿತು, ಅದೇ ರಾತ್ರಿ ಪ್ರಕಟಣೆ ಬಂತು. 2023ರ ಜನವರಿ 2ರಂದು ಸುಪ್ರೀಂ ಕೋರ್ಟ್ 4:1ರಲ್ಲಿ ಇದನ್ನು ಎತ್ತಿ ಹಿಡಿಯಿತು. ಸರ್ಕಾರವೇ ಮುಂದಾಗಿ ಇಂಥ ಕ್ರಮ ಕೈಗೊಳ್ಳುವುದಾದರೆ ಅದು ಗೆಜೆಟ್ ಅಧಿಸೂಚನೆಯಿಂದ ಆಗಬಾರದು, ಶಾಸನದ ಮೂಲಕವೇ ಆಗಬೇಕು ಎಂದು ಭಿನ್ನಮತ ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ, ಶೇ 2ರಿಂದ 6ರೊಳಗೆ ಇಡುವುದು ಆರ್‌ಬಿಐ ಹೊಣೆ. 2022ರಲ್ಲಿ ಸತತ ಮೂರು ತ್ರೈಮಾಸಿಕ ಅದು ಶೇ 6 ದಾಟಿತು. ಏಕೆ ದಾಟಿತು ಎಂದು ಕಾಯ್ದೆಯಂತೆ ಬ್ಯಾಂಕು ಸರ್ಕಾರಕ್ಕೆ ವರದಿ ಕೊಟ್ಟಿತು. ಅದನ್ನು ಜನರ ಮುಂದಿಡಲಿಲ್ಲ. ಬೇಳೆಗೆ ಹೆಚ್ಚು ಬೆಲೆ ತೆತ್ತವರಿಗೆ ಕಾರಣ ಕೇಳುವ ಹಕ್ಕಿಲ್ಲವೇ?

ಈ ಹಿನ್ನೆಲೆಯಲ್ಲೇ ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ರೊಕ್ಕವಾದ ಇ-ರೂಪಾಯಿಯನ್ನು ನೋಡಬೇಕು. 2022ರ ಹಣಕಾಸು ಕಾಯ್ದೆಯಲ್ಲಿ ಆರ್‌ಬಿಐ ಕಾಯ್ದೆಗೆ ಸಣ್ಣ ತಿದ್ದುಪಡಿ ಸೇರಿಸಿ, ಡಿಜಿಟಲ್ ರೂಪದ್ದೂ ‘ಬ್ಯಾಂಕ್ ನೋಟು’ ಎಂದು ಮಾಡಲಾಯಿತು. ಅದೇ ವರ್ಷದ ಡಿಸೆಂಬರ್ 1ರಂದು ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ಜನಬಳಕೆಯ ಪ್ರಯೋಗ ಶುರುವಾಯಿತು. ಬಡ್ಡಿ ಇಲ್ಲದ, ಆರ್‌ಬಿಐ ನೇರ ಹೊಣೆ ಹೊತ್ತ ರೊಕ್ಕ. ಅಷ್ಟರ ಮಟ್ಟಿಗೆ ತಕರಾರಿಲ್ಲ. ಆದರೆ ಇದಕ್ಕೆ ಷರತ್ತು ಬರೆಯಬಹುದು. ಇಂಥ ವಸ್ತುವಿಗೆ, ಇಂಥ ಅಂಗಡಿಯಲ್ಲಿ, ಇಂಥ ತಾರೀಖಿನೊಳಗೆ ಎಂದು. ಗೇಣಿ ರೈತರಿಗೆ ಕೊಡುವ ಬೆಳೆಸಾಲವನ್ನು ಬೀಜ-ಗೊಬ್ಬರಕ್ಕಷ್ಟೇ ಕಟ್ಟಿಹಾಕಿ ಕೊಡುವ ಪ್ರಯೋಗಗಳೂ ಬಂದಿವೆ. ಸಾಲದ ದುರ್ಬಳಕೆ ತಪ್ಪುತ್ತದೆ, ಜಮೀನು ಕಾಗದ ಇಲ್ಲದವರಿಗೂ ಸಾಲ ಸಿಗುತ್ತದೆ. ಆದರೆ ಅದೇ ಸಾಲದಲ್ಲಿ ಎತ್ತಿನ ಔಷಧಿಗೋ ಮಗಳ ಫೀಗೋ ₹2,000 ತೆಗೆಯಬೇಕಾದ ದಿನ ಆ್ಯಪ್ ‘ಆಗದು’ ಅಂದರೆ ಯಾರನ್ನು ಕೇಳಬೇಕು? ಷರತ್ತು ಬರೆಯುವ ಅಧಿಕಾರ ಯಾರಿಗೆ, ಯಾವ ಹಣಕ್ಕೆ, ಎಷ್ಟು ಕಾಲ ಎಂಬುದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಸದರು ಸದನದಲ್ಲಿ ಈ ಮೂರನ್ನು ಕೇಳಲಿ. ಖಾತೆ ಫ್ರೀಜ್ ಮಾಡಿದರೆ ವಿವಾದದ ಮೊತ್ತಕ್ಕಷ್ಟೇ ಮಾಡಬೇಕು, 48 ಗಂಟೆಯೊಳಗೆ ಖಾತೆದಾರರಿಗೆ ಅವರ ಭಾಷೆಯಲ್ಲಿ ನೋಟಿಸ್ ಕೊಡಬೇಕು, ಖಾತೆ ಇರುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಬಳಿಯೇ ಅರ್ಜಿ ಹಾಕಲು ಅವಕಾಶ ಇರಬೇಕು. ಸುತ್ತೋಲೆ, ಮಾರ್ಗಸೂಚಿ ಸಾಲದು, ಇದು ಕಾಯ್ದೆಯಲ್ಲೇ ಬರಲಿ. ಒಂದೇ ವರ್ಷದ ಕ್ರಿಪ್ಟೋ ನಷ್ಟವನ್ನು ಕ್ರಿಪ್ಟೋ ಲಾಭಕ್ಕಾದರೂ ಹೊಂದಿಸಲು ಬಿಡಲಿ. ಜನ ಪಿ2ಪಿ ಬಿಟ್ಟು ನೋಂದಾಯಿತ ಎಕ್ಸ್‌ಚೇಂಜಿಗೆ ಮರಳಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಪಗಾರ, ಪಿಂಚಣಿ, ಬೆಳೆಯ ಬಿಲ್ಲು ಇ-ರೂಪಾಯಿಯಲ್ಲಿ ಬಂದರೆ ಅದಕ್ಕೆ ಯಾವ ಷರತ್ತನ್ನೂ ಕಟ್ಟುವಂತಿಲ್ಲ ಎಂಬ ಒಂದು ಸಾಲು ಆರ್‌ಬಿಐ ಕಾಯ್ದೆಗೆ ಸೇರಲಿ.

‘ನೂರು ದಿನದಲ್ಲಿ ದುಪ್ಪಟ್ಟು’ ಎಂದು ಹಳ್ಳಿಗಳಲ್ಲಿ ಸಭೆ ಮಾಡಿ, ಸೇರಿಸಿದವರಿಗೆ ಕಮಿಷನ್ ಕೊಡುವ ಕಾಯಿನ್ ಸ್ಕೀಮುಗಳಿಗೂ ಮೇಲಿನ ಚರ್ಚೆಗೂ ಸಂಬಂಧವಿಲ್ಲ. ಅವಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಠೇವಣಿದಾರರ ಹಿತ ಕಾಯುವ ರಾಜ್ಯದ 2004ರ ಕಾಯ್ದೆ ಮತ್ತು ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ 2019ರ ಕಾಯ್ದೆ ಎರಡೂ ಇವೆ. ರೊಕ್ಕ ಕಟ್ಟಿದ ರಸೀದಿ, ವಾಟ್ಸ್‌ಆ್ಯಪ್ ಸಂದೇಶ, ಹಣ ಕಳಿಸಿದ ಖಾತೆಯ ವಿವರ ಹಿಡಿದು ಠಾಣೆಗೆ ಹೋದರೆ ದೂರು ದಾಖಲಿಸಲು ಅಷ್ಟು ಸಾಕು.

– ತೆರಿಗೆ ಸಲಹೆಗಾರರು ಮತ್ತು ನಿವೃತ್ತ ಬ್ಯಾಂಕ್ ಸಿಬ್ಬಂದಿ, ಬಾಗಲಕೋಟೆ