ಗೋಳಿಬಜೆ, ಬನ್ಸ್ ಇನ್ನು ಸಂಜೆ ಮಾತ್ರ

ಬದಿಯಡ್ಕ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಹೋಟೆಲಿನಲ್ಲಿ ಗೋಳಿಬಜೆ, ಬನ್ಸ್ ಮತ್ತು ಅಂಬಡೆ ಸಂಜೆ ಮೂರೂವರೆಯಿಂದ ಆರೂವರೆಯವರೆಗೆ ಮಾತ್ರ ಸಿಗುತ್ತವೆ. ಗೋಳಿಬಜೆ ಪ್ಲೇಟಿಗೆ 30 ರೂಪಾಯಿ ಇದ್ದದ್ದು 40 ಆಗುತ್ತದೆ. ಬೆಳಗ್ಗಿನ ದೋಸೆ, ಇಡ್ಲಿ, ಮಧ್ಯಾಹ್ನದ ಊಟ ಎಂದಿನಂತೆಯೇ.

ಕಾರಣ ಎಣ್ಣೆ. ಅಪ್ಪ ಹೋಟೆಲು ನಡೆಸುತ್ತಿದ್ದ ಕಾಲದಿಂದಲೂ ನಾವು ಕರಿಯುವುದು ತೆಂಗಿನೆಣ್ಣೆಯಲ್ಲಿ. 2025ರಲ್ಲಿ ಕೇರಳದಲ್ಲಿ ಅದರ ಬೆಲೆ ಕಿಲೋಗೆ 400 ರೂಪಾಯಿ ದಾಟಿತು. ಫಸಲು ಇಳಿದು ಕೊಪ್ಪರವೇ ಸಾಕಷ್ಟು ಸಿಗದಾಯಿತು. 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಕಾಸರಗೋಡಿನಲ್ಲಿ ತೆಂಗಿನೆಣ್ಣೆಯನ್ನು ಹೀಗೆ ಅಳೆದು ಸುರಿಯಬೇಕಾಗಿ ಬಂದದ್ದು ನಮಗೆ ನಿಜಕ್ಕೂ ಸಂಕಟ. ತಾಳೆ ಎಣ್ಣೆಗೆ ಬದಲಾಯಿಸಿ ಎಂದು ಹಿತೈಷಿಗಳು ಹೇಳಿದರು. ಲೆಕ್ಕ ಹಾಕಿದರೆ ಅವರ ಮಾತು ಸರಿಯೇ.

ಆದರೆ ಗಲ್ಲೆಯ ಮುಂದೆ ನಿಂತು ನೀವು ಹೇಳುವ ಬಾಲ್ಯದ ಮಾತುಗಳನ್ನು ದಿನವೂ ಕೇಳುವವರು ನಾವು. ಶಾಲೆ ಬಿಟ್ಟ ಮೇಲೆ ಅಜ್ಜನ ಕೈ ಹಿಡಿದು ಬಂದು ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದವರು ಈಗ ದುಬೈಯಿಂದ ರಜೆಯಲ್ಲಿ ಬಂದಾಗ ತಮ್ಮ ಮಕ್ಕಳನ್ನು ಅಲ್ಲೇ ಕೂರಿಸುತ್ತಾರೆ. ಮಧೂರು ದೇವಸ್ಥಾನಕ್ಕೆ ಹೋಗಿ ಬರುವಾಗ ಅಮ್ಮ ಕೊಡಿಸುತ್ತಿದ್ದ ಬನ್ಸನ್ನು ನೆನೆಯುವವರಿದ್ದಾರೆ. ಬಿಸಿ ಗೋಳಿಬಜೆಯನ್ನು ಎರಡಾಗಿ ಮುರಿದು, ಒಳಗಿನ ಕಾಯಿ ಹೋಳುಗಳನ್ನು ಹೆಕ್ಕಿ ತಟ್ಟೆಯ ಅಂಚಿಗಿಟ್ಟು, ಎಲ್ಲ ಮುಗಿದ ಮೇಲೆ ತಿನ್ನುತ್ತಿದ್ದೆ ಎಂದರು ಒಬ್ಬ ಟೀಚರು. ಅವರ ಮಗಳು ಈಗ ಮಾಡುವುದೂ ಅದನ್ನೇ. ಎಣ್ಣೆ ಬದಲಾಯಿಸಿದರೆ ಆ ಪರಿಮಳ ಹೋಗುತ್ತದೆ. ಅದು ಹೋದ ಮೇಲೆ ಗೋಳಿಬಜೆ ಅಂತ ಹೆಸರಿಟ್ಟು ಏನನ್ನು ಕೊಡುವುದು?

ಹಾಗಾಗಿ ಎಣ್ಣೆ ಉಳಿಸಿಕೊಂಡು ಹೊತ್ತನ್ನು ಕಡಿಮೆ ಮಾಡಿದ್ದೇವೆ. ಬೆಳಗ್ಗಿನಿಂದ ರಾತ್ರಿವರೆಗೆ ಬಾಣಲೆ ಒಲೆಯ ಮೇಲಿದ್ದರೆ ಗಿರಾಕಿಗಳಿಲ್ಲದ ಹೊತ್ತಿನಲ್ಲೂ ಎಣ್ಣೆ ಕಾಯುತ್ತಲೇ ಇರುತ್ತದೆ. ಬಣ್ಣ ಕಪ್ಪಾಗುತ್ತದೆ, ನೊರೆ ಏಳುತ್ತದೆ, ಹೊಗೆ ಗಂಟಲು ಕೆರೆಯುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇಕಡಾ 25 ಮೀರಬಾರದೆಂಬ ಆಹಾರ ಸುರಕ್ಷತಾ ನಿಯಮವೂ 2018ರ ಜುಲೈಯಿಂದ ಜಾರಿಯಲ್ಲಿದೆ. ಮೂರು ಗಂಟೆ ಒಂದೇ ಸಮನೆ ಕರಿದರೆ ಸುರಿದ ಎಣ್ಣೆ ವ್ಯರ್ಥವಾಗಿ ಕಾಯುವುದಿಲ್ಲ. ಉಳಿದದ್ದನ್ನು ಮರುದಿನಕ್ಕೆ ಇಡುವುದಿಲ್ಲ, ಬಯೋಡೀಸೆಲ್ ತಯಾರಿಗೆ ಸಂಗ್ರಹಿಸುವವರಿಗೆ ಕೊಡುತ್ತೇವೆ.

ಬೆಳಗ್ಗಿನ ಬಸ್ಸಿಗೆ ಮುಂಚೆ ಬನ್ಸ್ ತಿಂದು ಕೆಲಸಕ್ಕೆ ಹೋಗುವವರಿಗೆ ಇದರಿಂದ ತೊಂದರೆ, ಗೊತ್ತಿದೆ. ಅಂಥವರು ಹಿಂದಿನ ಸಂಜೆ ಕಟ್ಟಿಸಿಕೊಂಡು ಹೋಗಬಹುದು. ಬಾಳೆಹಣ್ಣು ಹಾಕಿದ ಬನ್ಸ್ ಮರುದಿನ ಬೆಳಗ್ಗೆಯೂ ಮೆತ್ತಗಿರುತ್ತದೆ. ಗೋಳಿಬಜೆಯನ್ನು ಮಾತ್ರ ಮರುದಿನಕ್ಕೆಂದು ಕಟ್ಟಿಕೊಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ. ಪಾರ್ಸೆಲನ್ನು ನ್ಯೂಸ್‌ಪೇಪರಿನಲ್ಲಿ ಸುತ್ತುವುದನ್ನು ನಿಲ್ಲಿಸಿದ್ದೇವೆ. ಬಾಳೆಲೆ ಇದೆ, ಡಬ್ಬಿ ತಂದರೆ ಇನ್ನೂ ಒಳ್ಳೆಯದು. ಮನೆಯ ಪೂಜೆಗೋ ತಾಳಮದ್ದಳೆಗೋ ಬನ್ಸ್ ಬೇಕಾದರೆ ಹಿಂದಿನ ದಿನ ಮಧ್ಯಾಹ್ನದೊಳಗೆ ತಿಳಿಸಿ, ಹಿಟ್ಟು ರಾತ್ರಿಯಿಡೀ ನೆನೆಯಬೇಕು.

ಶಾಲಾ ಮಕ್ಕಳ ಅರ್ಧ ಪ್ಲೇಟಿಗೆ ಹಿಂದಿನಂತೆ 15 ರೂಪಾಯಿಯೇ.

ಇಂತಿ,
ನಿಮ್ಮ ಹೋಟೆಲಿನ ಮನೆಯವರು